ಅಮೆರಿಕದ ಮೆಟಲ್‌ಗೂ ಯುರೋಪಿನ ಮೆಟಲ್‌ಗೂ ಏನು ವ್ಯತ್ಯಾಸ?

ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಅದೇ ಮೈದಾನದಲ್ಲಿ ನುಡಿಸಿ ಹೋಯಿತು. ಮೊದಲನೆಯದು ಲಂಡನ್ನಿನ ಬ್ಯಾಂಡು, ಎರಡನೆಯದು ಕ್ಯಾಲಿಫೋರ್ನಿಯಾದ್ದು. ಎರಡಕ್ಕೂ ನಾವು ಹೆವಿ ಮೆಟಲ್ ಅಂತಲೇ ಅನ್ನುತ್ತೇವೆ. ಎರಡರಲ್ಲೂ ಅದೇ ಕಪ್ಪು ಟೀ ಶರ್ಟು, ಅದೇ ಉದ್ದ ಕೂದಲು, ಮರುದಿನದವರೆಗೂ ಕಿವಿ ಗುಂಯ್‌ಗುಡುವಷ್ಟು ಸದ್ದು. ಆದರೆ ಈ ಎರಡು ಬ್ಯಾಂಡ್‌ಗಳ ಯಾವುದಾದರೂ ಲೈವ್ ವಿಡಿಯೋ ಹಾಕಿಕೊಂಡು, ಸ್ಟೇಜ್ ಬಿಟ್ಟು ಜನರನ್ನು ನೋಡಿ. ಮೇಡನ್ ಬ್ಯಾಂಡು 'ಫಿಯರ್ ಆಫ್ ದ ಡಾರ್ಕ್' ಶುರು ಮಾಡಿದರೆ ಸಾಹಿತ್ಯ ಬರುವವರೆಗೂ ಯಾರೂ ಕಾಯುವುದಿಲ್ಲ, ಗಿಟಾರ್ ನುಡಿಸುತ್ತಿರುವ ಧಾಟಿಯನ್ನೇ ಸಾವಿರಾರು ಜನ 'ಓ ಓ ಓ' ಅಂತ ಹಾಡುತ್ತಾರೆ. ಮೆಟಾಲಿಕಾ 'ಮಾಸ್ಟರ್ ಆಫ್ ಪಪೆಟ್ಸ್' ಶುರು ಮಾಡಿದರೆ ಹಾಡುವುದಕ್ಕಿಂತ ಮೊದಲು ಕತ್ತು ಅಲ್ಲಾಡುತ್ತದೆ. (ಆ ಹಾಡಿನ ನಡುವೆ ಒಂದು ನಿಧಾನದ ಭಾಗ ಬರುತ್ತದೆ, ಅಲ್ಲಿ ಮಾತ್ರ ಜನ ಗಿಟಾರಿನ ಜತೆ ಹಾಡುತ್ತಾರೆ. ಅದಕ್ಕೂ ಕಾರಣ ಇದೆ, ಆಮೇಲೆ ಬರುತ್ತೇನೆ.)

ನನಗೆ ಕಾಣುವ ವ್ಯತ್ಯಾಸದ ಬುಡ ಇದೇ. ಯುರೋಪಿನ ಮೆಟಲ್ ಹೆಚ್ಚಾಗಿ ಒಂದು ಧಾಟಿಯಿಂದ ಹುಟ್ಟುತ್ತದೆ. ಅಮೆರಿಕದ್ದು ಹೆಚ್ಚಾಗಿ ಒಂದು ತಾಳದ ಪೆಟ್ಟಿನಿಂದ ಹುಟ್ಟುತ್ತದೆ. ಮಿಕ್ಕ ವ್ಯತ್ಯಾಸಗಳೆಲ್ಲ, ದನಿ ಇರಲಿ, ಸಾಹಿತ್ಯ ಇರಲಿ, ರೆಕಾರ್ಡಿಂಗ್ ಇರಲಿ, ಇದರ ಸುತ್ತಮುತ್ತಲೇ ಬರುತ್ತವೆ. 'ಹೆಚ್ಚಾಗಿ' ಅನ್ನುವುದನ್ನು ಮರೆಯಬೇಡಿ, ಯಾಕಂದ್ರೆ ಈ ಮಾತಿಗೆ ಅಪವಾದ ತೋರಿಸುವ ಬ್ಯಾಂಡ್‌ಗಳು ಎರಡೂ ಕಡೆ ಬೇಕಾದಷ್ಟಿವೆ.

ಶುರುವಾಗಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅದು ಕಾರ್ಖಾನೆಗಳ ಊರು. ಗಿಟಾರ್ ನುಡಿಸುತ್ತಿದ್ದ ಟೋನಿ ಅಯೋಮಿ ಅಲ್ಲಿನ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹದಿನೇಳು ವರ್ಷ ವಯಸ್ಸು. ಕೆಲಸ ಬಿಟ್ಟು ಬ್ಯಾಂಡ್ ಸೇರುವುದೆಂದು ತೀರ್ಮಾನವಾಗಿತ್ತು, ಕೊನೆಯ ದಿನದ ಕೆಲಸ. ಅವತ್ತು ಮೆಷಿನ್ ಅವರ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿಹಾಕಿತು. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈ ಬಲಗೈಯೇ. ಕಥೆ ಮುಗಿಯಿತು ಅಂದುಕೊಂಡಿದ್ದಾಗ ಕಾರ್ಖಾನೆಯ ಫೋರ್‌ಮನ್ ಒಂದು ರೆಕಾರ್ಡ್ ತಂದು ಕೇಳಿಸಿದರು. ಜಾಂಗೋ ರೈನ್‌ಹಾರ್ಟ್ ಅನ್ನುವ ಗಿಟಾರ್ ವಾದಕರದ್ದು. ಬೆಂಕಿ ಅನಾಹುತದಲ್ಲಿ ಕೈ ಸುಟ್ಟುಕೊಂಡು, ಎರಡೇ ಬೆರಳಿನಲ್ಲಿ ನುಡಿಸಿ ದೊಡ್ಡ ಹೆಸರು ಮಾಡಿದವರು ಅವರು. ಅಯೋಮಿ ಮನೆಗೆ ಹೋಗಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತಂತಿ ಜಾರದಿರಲಿ ಅಂತ ಅದರ ಮೇಲೆ ಚರ್ಮ ಅಂಟಿಸಿದರು. ಗಟ್ಟಿ ತಂತಿ ಒತ್ತಲಾಗದೆ ತೆಳು ತಂತಿ ಹಾಕಿದರು. ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಂ ಹೊತ್ತಿಗೆ ಶ್ರುತಿಯನ್ನೇ ಒಂದೂವರೆ ಸ್ವರ ಇಳಿಸಿದರು. ತಂತಿ ಸಡಿಲವಾಯಿತು, ಬೆರಳಿಗೆ ಸುಲಭವಾಯಿತು, ಸದ್ದು ಮಾತ್ರ ಭೀಕರ ದಪ್ಪವಾಯಿತು. ಇವತ್ತಿಗೂ ಲೋಕದ ಎಷ್ಟೋ ಮೆಟಲ್ ಬ್ಯಾಂಡ್‌ಗಳು ಶ್ರುತಿ ಇಳಿಸುತ್ತಲೇ ಇವೆ.

ಅಯೋಮಿ ಇದ್ದ ಬ್ಯಾಂಡು ಬ್ಲ್ಯಾಕ್ ಸಬ್ಬತ್. ಅದು ಶುರುವಿನಲ್ಲಿ ಬ್ಲೂಸ್ ಬ್ಯಾಂಡು. ಬ್ಲೂಸ್ ಅಂದ್ರೆ ಅಮೆರಿಕದ ಕರಿಯ ಜನರ ಸಂಗೀತ. ಅಂದರೆ ಯುರೋಪಿನ ಮೆಟಲ್‌ನ ಮೊದಲ ಇಟ್ಟಿಗೆಯೇ ಅಮೆರಿಕದಿಂದ ಬಂದಿದ್ದು. ಆದರೆ 1970ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಂನ ಮೊದಲ ಹಾಡು ಕೇಳಿ. ಬ್ಯಾಂಡು, ಆಲ್ಬಂ, ಹಾಡು, ಮೂರಕ್ಕೂ ಒಂದೇ ಹೆಸರು. ಅದರ ರಿಫ್‌ನಲ್ಲಿ (ಅಂದ್ರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲಿ) ಇರುವುದು ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಅಷ್ಟೇ. ಪಂಚಮಕ್ಕೆ ಹೋಗಿ ಸಮಾಧಾನ ಪಡುವುದೇ ಇಲ್ಲ, ಪ್ರತಿಮಧ್ಯಮದ ಮೇಲೆ ನಿಂತು ನಡುಗುತ್ತದೆ. ಬಾಸ್ ಗಿಟಾರ್ ನುಡಿಸುವ ಗೀಜರ್ ಬಟ್ಲರ್ ಆಗ ಇಂಗ್ಲಿಷ್ ಸಂಗೀತಗಾರ ಹೋಲ್ಸ್ಟ್ ಬರೆದ ಆರ್ಕೆಸ್ಟ್ರಾ ಕೃತಿಯಲ್ಲಿನ 'ಮಾರ್ಸ್' ಭಾಗವನ್ನು ನುಡಿಸಿಕೊಳ್ಳುತ್ತಿದ್ದರಂತೆ, ಅಲ್ಲಿಂದ ಹುಟ್ಟಿದ್ದು ಇದು. ಬ್ಲೂಸ್ ಬ್ಯಾಂಡಿನೊಳಗೆ ಯುರೋಪಿನ ಆರ್ಕೆಸ್ಟ್ರಾ ಬಂದು ಕೂತಿತು. ದಾರಿ ಬೇರೆಯಾಗತೊಡಗಿದ್ದು ಅಲ್ಲೇ ಅಂತ ನನ್ನ ಲೆಕ್ಕ.

ಇಲ್ಲಿ ಸ್ವಲ್ಪ ಸ್ವರದ ಲೆಕ್ಕ ನೋಡೋಣ. ಬ್ಲೂಸ್ ಗಿಟಾರ್ ಕಲಿಯುವವರು ಮೊದಲು ಹಿಡಿಯುವುದು ಮೈನರ್ ಪೆಂಟಟಾನಿಕ್ ಅನ್ನುವ ಐದು ಸ್ವರಗಳನ್ನು. ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ ಅವು. (ಗಮಕ ಇಲ್ಲದಿರುವಾಗ ಅದನ್ನು ರಾಗ ಅನ್ನಲಾಗದು, ಸ್ವರಗಳು ಒಂದೇ ಅಂತಷ್ಟೇ ಹೇಳುತ್ತಿದ್ದೇನೆ.) ಅಮೆರಿಕದ ರಾಕ್ ಸಂಗೀತದ ಕೈ ಈ ಐದು ಸ್ವರಗಳಲ್ಲೇ ಪಳಗಿದೆ. ಯುರೋಪಿನ ಮೆಟಲ್ ಬ್ಯಾಂಡ್‌ಗಳು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಇದಕ್ಕೆ ಚತುಃಶ್ರುತಿ ರಿಷಭ, ಶುದ್ಧ ಧೈವತ ಸೇರಿಸಿ ಏಳೂ ಸ್ವರಗಳಲ್ಲಿ ಓಡಾಡತೊಡಗಿದವು. ಅದು ನ್ಯಾಚುರಲ್ ಮೈನರ್, ನಮ್ಮ ನಟಭೈರವಿ. ನಿಷಾದವನ್ನು ಕಾಕಲಿಗೆ ಏರಿಸಿದರೆ ಹಾರ್ಮೋನಿಕ್ ಮೈನರ್, ಅಂದರೆ ಕೀರವಾಣಿ. ಸ್ವೀಡನ್ನಿನ ಇಂಗ್ವಿ ಮಾಲ್ಮ್‌ಸ್ಟೀನ್ 1984ರಲ್ಲಿ 'ರೈಸಿಂಗ್ ಫೋರ್ಸ್' ತಂದಾಗ ಗಿಟಾರ್ ಕಲಿಯುವವರೆಲ್ಲ ಬೆಚ್ಚಿಬಿದ್ದಿದ್ದು ಈ ಕೀರವಾಣಿಯ ಸ್ವರಗಳ ಓಟಕ್ಕೇ. ಯುರೋಪಿನ ಶಾಸ್ತ್ರೀಯ ಸಂಗೀತದ ಬಾಖ್ ಮತ್ತು ಪಗಾನಿನಿಯನ್ನು ಡಿಸ್ಟಾರ್ಷನ್ (ಗಿಟಾರಿನ ಸದ್ದನ್ನು ಒಡೆದು ಒರಟು ಮಾಡುವುದು) ಹಾಕಿ ನುಡಿಸಿದರೆ ಹೇಗಿರುತ್ತದೋ ಹಾಗೆ.

ಜೂಡಸ್ ಪ್ರೀಸ್ಟ್ ಕೂಡ ಬರ್ಮಿಂಗ್‌ಹ್ಯಾಮ್ ಕಡೆಯದೇ. ಬ್ಲೂಸ್‌ನ ತೂಗಾಟವನ್ನು ಪೂರ್ತಿ ತೆಗೆದುಹಾಕಿ, ಎರಡು ಗಿಟಾರ್ ಮುಂದಿಟ್ಟು, ಮೇಲೆ ರಾಬ್ ಹಾಲ್ಫರ್ಡ್ ಅವರ ಎತ್ತರದ ದನಿ ಇಟ್ಟವರು ಅವರು. ಆಮೇಲೆ ಬಂದ ಐರನ್ ಮೇಡನ್ ಈ ಎರಡು ಗಿಟಾರ್ ಆಟವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಒಯ್ದರು. ಒಂದು ಗಿಟಾರ್ ಷಡ್ಜದಿಂದ ಹೊರಟರೆ ಇನ್ನೊಂದು ಗಾಂಧಾರದಿಂದ ಹೊರಡುತ್ತದೆ, ಎರಡೂ ಅಷ್ಟೇ ಅಂತರ ಇಟ್ಟುಕೊಂಡು ಜತೆಜತೆಗೇ ಹೋಗುತ್ತವೆ. ಐರ್ಲೆಂಡಿನ ಥಿನ್ ಲಿಜ್ಜಿ ಇದನ್ನು ಮೊದಲೇ ಮಾಡಿತ್ತು, ಸತ್ಯ. ಆದರೆ 1983ರ 'ದ ಟ್ರೂಪರ್' ಹಾಡಿನಲ್ಲಿ ಮೇಡನ್ ಮಾಡಿದ್ದು ಬೇರೆ. ಕೆಳಗೆ ಸ್ಟೀವ್ ಹ್ಯಾರಿಸ್ ಅವರ ಬಾಸ್ 'ತಾ-ತಕ ತಾ-ತಕ' ಅಂತ ಕುದುರೆ ನಡೆಯಲ್ಲಿ ಓಡುತ್ತದೆ, ಮೇಲೆ ಎರಡು ಗಿಟಾರ್ ಹಾಡುತ್ತವೆ. ಹಾಡಿನ ವಸ್ತುವೂ ಕುದುರೆ ದಂಡೇ, 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಕ್ಲಾವಾದಲ್ಲಿ ಫಿರಂಗಿಗಳ ಎದುರು ನುಗ್ಗಿ ಸತ್ತ ಬ್ರಿಟಿಷ್ ಸವಾರರು.

ಈಗ ಸಮುದ್ರ ದಾಟೋಣ.

ಲಾರ್ಸ್ ಉಲ್ರಿಕ್ ಡೆನ್ಮಾರ್ಕಿನ ಹುಡುಗ, ಟೆನಿಸ್ ಆಟಗಾರನ ಮಗ. ಕುಟುಂಬ ಲಾಸ್ ಏಂಜಲಿಸ್‌ಗೆ ಬಂತು, ಹುಡುಗನಿಗೆ ಟೆನಿಸ್‌ಗಿಂತ ಇಂಗ್ಲೆಂಡಿನ ಹೊಸ ಮೆಟಲ್ ಬ್ಯಾಂಡ್‌ಗಳ ಹುಚ್ಚು ಹಿಡಿಯಿತು. ಡೈಮಂಡ್ ಹೆಡ್ ಅನ್ನುವ ಬ್ಯಾಂಡಿನ ಮೇಲೆ ಎಷ್ಟು ಹುಚ್ಚು ಅಂದ್ರೆ 1981ರಲ್ಲಿ ಇಂಗ್ಲೆಂಡಿಗೇ ಹೋಗಿ ಅವರ ಜತೆ ಉಳಿದುಕೊಂಡಿದ್ದ. ವಾಪಸ್ ಬಂದು ಅದೇ ವರ್ಷ ಜೇಮ್ಸ್ ಹೆಟ್‌ಫೀಲ್ಡ್ ಜತೆ ಸೇರಿ ಮೆಟಾಲಿಕಾ ಕಟ್ಟಿದ. ಶುರುವಿನ ದಿನಗಳಲ್ಲಿ ಅವರು ನುಡಿಸುತ್ತಿದ್ದುದರಲ್ಲಿ ಡೈಮಂಡ್ ಹೆಡ್ ಹಾಡುಗಳೇ ಜಾಸ್ತಿ. ಅಂದರೆ ಅಮೆರಿಕದ ಥ್ರಾಶ್ ಮೆಟಲ್ ಶುರುವಾಗಿದ್ದೇ ಇಂಗ್ಲೆಂಡಿನ ಹಾಡುಗಳನ್ನು ಇನ್ನೂ ಜೋರಾಗಿ, ಇನ್ನೂ ವೇಗವಾಗಿ ನುಡಿಸುವ ಹಟದಿಂದ.

ಆದರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಸಂಗೀತವೂ ಅಕ್ಕಪಕ್ಕದಲ್ಲೇ ಇತ್ತು, ಹಾರ್ಡ್‌ಕೋರ್ ಪಂಕ್. ಒಂದೂವರೆ ನಿಮಿಷದ ಹಾಡು, ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಸೋಲೋ ಗೀಲೋ ಏನೂ ಇಲ್ಲ, ಬರೀ ನುಗ್ಗಾಟ. ಅಲ್ಲಿನ ಮೆಟಲ್ ಹುಡುಗರು ಎರಡನ್ನೂ ಒಟ್ಟಿಗೇ ಕೇಳುತ್ತಿದ್ದರು. ಹಾಗಾಗಿ ಮೇಡನ್‌ನಿಂದ ಬಂದ ರಿಫ್‌ಗೆ ಪಂಕ್‌ನ ಬಲಗೈ ಸೇರಿತು. ಈ ಬಲಗೈಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದ್ರೆ ಅಮೆರಿಕದ ಮೆಟಲ್‌ನ ಗುಟ್ಟು ಅಲ್ಲಿದೆ.

ಸಾಮಾನ್ಯವಾಗಿ ವೇಗವಾಗಿ ನುಡಿಸುವಾಗ ತಂತಿ ಮೀಟುವ ಚಿಕ್ಕ ತುಂಡು, ಅಂದ್ರೆ ಪಿಕ್, ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗುತ್ತದೆ. ಕೈಗೆ ಶ್ರಮ ಕಡಿಮೆ. ಹೆಟ್‌ಫೀಲ್ಡ್ ಇಂಥ ರಿಫ್‌ಗಳಲ್ಲಿ ಹಾಗೆ ಮಾಡುವುದಿಲ್ಲ. ಪ್ರತಿ ಪೆಟ್ಟೂ ಕೆಳಮುಖವೇ. 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ಮುಖ್ಯ ರಿಫ್‌ನಲ್ಲಿ ಇದು ಸೆಕೆಂಡಿಗೆ ಸುಮಾರು ಏಳು ಪೆಟ್ಟು ಆಗುತ್ತದೆ, ನಿಮಿಷಗಟ್ಟಲೆ. ಜತೆಗೆ ಅಂಗೈಯ ಬದಿಯನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಕಡೆ) ಹತ್ತಿರ ತಂತಿಯ ಮೇಲೆ ಒತ್ತಿ ಹಿಡಿಯುತ್ತಾರೆ, ಆಗ ಸ್ವರ ಉದ್ದಕ್ಕೆ ಹರಿಯದೆ 'ಚಗ್ ಚಗ್' ಅಂತ ಕತ್ತರಿಸಿ ಬೀಳುತ್ತದೆ. ಇದಕ್ಕೆ ಪಾಮ್ ಮ್ಯೂಟ್ ಅನ್ನುತ್ತಾರೆ. ಪಿಕ್ ಮೇಲೆ ಕೆಳಗೆ ಆಡಿಸಿದರೆ ಅವೇ ಸ್ವರ ಬರುತ್ತವೆ, ಆದರೆ ಆ ಏಟು ಬರುವುದಿಲ್ಲ. ಮನೆಯಲ್ಲಿ ಗಿಟಾರ್ ಇದ್ದರೆ ಒಂದು ನಿಮಿಷ ಪ್ರಯತ್ನಿಸಿ ನೋಡಿ, ಮೊಣಕೈವರೆಗೆ ನೋಯುತ್ತದೆ. ಇಲ್ಲಿ ಗಿಟಾರ್ ತಾಳವಾದ್ಯದ ಕೆಲಸ ಮಾಡುತ್ತಿದೆ. ಸ್ವರಗಳೂ ಹೆಚ್ಚೇನಿಲ್ಲ, ಬಿಟ್ಟ ತಂತಿಯ ಷಡ್ಜ, ಪಕ್ಕದ ಶುದ್ಧ ರಿಷಭ, ಅಕ್ಕಪಕ್ಕದ ಇನ್ನೊಂದೆರಡು. ಧಾಟಿ ಹುಡುಕಿದರೆ ಸಿಗುವುದು ಕಡಿಮೆ. ಪೆಟ್ಟು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಅನ್ನುವುದೇ ಮುಖ್ಯ.

ಹಾಗಾದರೆ ಅದೇ ಹಾಡಿನ ನಡುವೆ ಜನ ಹಾಡುವ ಆ ನಿಧಾನದ, ಎರಡು ಗಿಟಾರ್ ಜತೆಯಾಗಿ ಸಾಗುವ ಭಾಗ? ಅದು ಮೇಡನ್ ಕಡೆಯಿಂದ ಬಂದ ಬಳುವಳಿ. ಇನ್ನೊಂದು ತಮಾಷೆ, ಅಮೆರಿಕದ ಥ್ರಾಶ್‌ಗೆ ಮಾದರಿ ಅಂತ ಎಲ್ಲರೂ ತೋರಿಸುವ ಆ 1986ರ ಆಲ್ಬಂ ರೆಕಾರ್ಡ್ ಆಗಿದ್ದು ಅಮೆರಿಕದಲ್ಲಲ್ಲ, ಲಾರ್ಸ್‌ನ ತವರು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ, ಫ್ಲೆಮಿಂಗ್ ರಾಸ್ಮುಸೆನ್ ಜತೆ.

ಪಕ್ಕಾ ಅಮೆರಿಕದ ಸದ್ದು ಬೇಕಾದರೆ ಅದೇ ವರ್ಷದ ಸ್ಲೇಯರ್ ಬ್ಯಾಂಡಿನ 'ರೇನ್ ಇನ್ ಬ್ಲಡ್' ಕೇಳಿ. ಹತ್ತು ಹಾಡು, ಒಟ್ಟು ಸುಮಾರು 29 ನಿಮಿಷ. ನಿರ್ಮಾಪಕ ರಿಕ್ ರೂಬಿನ್. ಅವರು ಅಲ್ಲಿಯವರೆಗೆ ನ್ಯೂಯಾರ್ಕಿನಲ್ಲಿ ಡೆಫ್ ಜಾಮ್ ಅನ್ನುವ ಲೇಬಲ್ ಇಟ್ಟುಕೊಂಡು ಹಿಪ್‌ಹಾಪ್ ರೆಕಾರ್ಡ್ ಮಾಡುತ್ತಿದ್ದವರು. ಆ ಕಾಲದ ಮೆಟಲ್ ಆಲ್ಬಂಗಳಲ್ಲಿ ಎಲ್ಲದಕ್ಕೂ ರಿವರ್ಬ್ ಸುರಿಯುವುದು ರೂಢಿ, ದೊಡ್ಡ ಸಭಾಂಗಣದಲ್ಲಿ ನುಡಿಸಿದಂತೆ ಕೇಳಲಿ ಅಂತ. ರೂಬಿನ್ ಅದನ್ನು ಒರೆಸಿಹಾಕಿದರು. ಡ್ರಮ್ಮು, ಗಿಟಾರು ಒಣಒಣವಾಗಿ, ಕಿವಿಯ ಪಕ್ಕದಲ್ಲೇ ಹೊಡೆದ ಹಾಗೆ ಕೇಳುತ್ತವೆ. ಅದು ಹಿಪ್‌ಹಾಪ್ ಕಲಿಸಿದ ಪಾಠ. ಮೆಟಲ್ ಮಾತ್ರ ಮಾಡಿ ಬಂದ ನಿರ್ಮಾಪಕರಿಗೆ ಅದು ಹೊಳೆಯುತ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

ಹಿಪ್‌ಹಾಪ್ ಎಳೆ ಹಿಡಿದು ಹೋದರೆ ಅಮೆರಿಕದ ಮುಂದಿನ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. 1991ರಲ್ಲಿ ಆಂಥ್ರಾಕ್ಸ್ ಬ್ಯಾಂಡು ಹಿಪ್‌ಹಾಪ್ ಗುಂಪು ಪಬ್ಲಿಕ್ ಎನಿಮಿ ಜತೆ ಸೇರಿ ಅವರದೇ ಹಾಡನ್ನು ಮೆಟಲ್ ಮಾಡಿತು. 1992ರಲ್ಲಿ ಟೆಕ್ಸಸ್‌ನ ಪ್ಯಾಂಟೆರಾ 'ವಲ್ಗರ್ ಡಿಸ್‌ಪ್ಲೇ ಆಫ್ ಪವರ್' ತಂದಿತು. ಅದರಲ್ಲಿನ 'ವಾಕ್' ಹಾಡನ್ನು 'ದ ಟ್ರೂಪರ್' ಪಕ್ಕದಲ್ಲಿಟ್ಟು ಕೇಳಿದರೆ ಈ ಲೇಖನ ಓದುವ ಅಗತ್ಯವೇ ಇಲ್ಲ. ಕೆಳಗಿನ ತಂತಿಯಲ್ಲಿ ಎರಡು ಮೂರು ಸ್ವರ, ನಡುವೆ ಒಂದಿಷ್ಟು ತಂತಿ ಎಳೆತ, ಮೂರರ ನಡೆಯಲ್ಲಿ ತೂಗಾಡುವ ತಾಳ. ವೇಗವೂ ಇಲ್ಲ. ರಿಫ್ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ. ಆದರೆ ಕೂತಲ್ಲಿ ಕೂರಲು ಬಿಡುವುದಿಲ್ಲ. ಬ್ಲೂಸ್‌ನ ತೂಗಾಟ, ಜೂಡಸ್ ಪ್ರೀಸ್ಟ್ ತೆಗೆದುಹಾಕಿತ್ತಲ್ಲ, ಅದು ಇಲ್ಲಿ ಹತ್ತು ಪಟ್ಟು ತೂಕದೊಂದಿಗೆ ವಾಪಸ್ ಬಂದಿದೆ. ಪ್ಯಾಂಟೆರಾದ ಮುಂದಿನ ಆಲ್ಬಂ 1994ರಲ್ಲಿ ಬಿಡುಗಡೆಯಾದ ವಾರವೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಅದೂ ನಿರ್ವಾಣಾದಂಥ ಬ್ಯಾಂಡ್‌ಗಳ ಗ್ರಂಜ್ ಅಲೆಗೆ ಹಳೆಯ ಮೆಟಲ್ ಬ್ಯಾಂಡ್‌ಗಳೆಲ್ಲ ಕೊಚ್ಚಿಹೋಗುತ್ತಿದ್ದ ಕಾಲದಲ್ಲಿ.

ಅದೇ 1994ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಿಂದ ಕಾರ್ನ್ ಬಂತು. ಏಳು ತಂತಿಯ ಗಿಟಾರ್, ಶ್ರುತಿ ಇನ್ನೂ ಕೆಳಗೆ, ಗಿಟಾರ್ ಸೋಲೋ ಬಹುತೇಕ ನಾಪತ್ತೆ, ಡ್ರಮ್ಮು ಹಿಪ್‌ಹಾಪ್ ನಡೆಯಲ್ಲಿ. ಅಲ್ಲಿಂದ ನು ಮೆಟಲ್, ಸ್ಲಿಪ್‌ನಾಟ್, ಲಿಂಕಿನ್ ಪಾರ್ಕ್. ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜು ಹುಡುಗರಲ್ಲಿ ಎಷ್ಟೋ ಜನ ಮೆಟಲ್‌ಗೆ ಬಂದಿದ್ದು 2000ದ 'ಹೈಬ್ರಿಡ್ ಥಿಯರಿ' ಬಾಗಿಲಿನಿಂದ. ಅದನ್ನು ಮೆಟಲ್ಲೇ ಅಲ್ಲ ಅನ್ನುವವರೂ ಇದ್ದಾರೆ, ಅವರ ಜತೆ ವಾದಕ್ಕಿಳಿಯುವಷ್ಟು ತಾಳ್ಮೆ ನನಗಿಲ್ಲ.

ಇಷ್ಟು ಹೊತ್ತಿಗೆ ಯುರೋಪಿನಲ್ಲಿ ಏನಾಗುತ್ತಿತ್ತು? ಧಾಟಿ ಇನ್ನೂ ದೊಡ್ಡದಾಗುತ್ತಿತ್ತು. ಜರ್ಮನಿಯ ಹ್ಯಾಂಬರ್ಗ್‌ನ ಹೆಲೋವೀನ್ ಬ್ಯಾಂಡು 1987 ಮತ್ತು 1988ರಲ್ಲಿ 'ಕೀಪರ್ ಆಫ್ ದ ಸೆವೆನ್ ಕೀಸ್' ಎರಡು ಭಾಗ ತಂದು ಪವರ್ ಮೆಟಲ್‌ಗೆ ಅಡಿಪಾಯ ಹಾಕಿತು. ಡಬಲ್ ಬಾಸ್ ಡ್ರಮ್ಮು ಗಡಗಡ ಓಡುತ್ತದೆ, ಅದರ ಮೇಲೆ ಪಲ್ಲವಿ ಮಾತ್ರ ಯಾರು ಬೇಕಾದರೂ ಕೈ ಎತ್ತಿ ಹಾಡುವಂತಿರುತ್ತದೆ. ಇನ್ನೊಂದು ಜರ್ಮನ್ ಬ್ಯಾಂಡು ಬ್ಲೈಂಡ್ ಗಾರ್ಡಿಯನ್. ಅವರ 'ದ ಬಾರ್ಡ್ಸ್ ಸಾಂಗ್' ಬಂದಾಗ ಗಾಯಕರು ಮೈಕ್‌ನಿಂದ ಹಿಂದೆ ಸರಿದರೂ ನಡೆಯುತ್ತದೆ, ಪೂರ್ತಿ ಹಾಡು ಜನರೇ ಹಾಡಿ ಮುಗಿಸುತ್ತಾರೆ. ಫಿನ್ಲೆಂಡಿನ ನೈಟ್‌ವಿಶ್ ಶಾಸ್ತ್ರೀಯ ಗಾಯನ ಕಲಿತ ತಾರ್ಯಾ ಟುರುನೆನ್ ಅವರನ್ನು ಮುಂದೆ ನಿಲ್ಲಿಸಿ ಮೆಟಲ್ ಜತೆ ಆಪೆರಾ ಸೇರಿಸಿತು. ಅಮೆರಿಕದವರ ಕಿವಿಗೆ ಇದೆಲ್ಲ ಸ್ವಲ್ಪ ಅತಿ, ಸ್ವಲ್ಪ ನಾಟಕ. ಯುರೋಪಿನವರಿಗೆ ನಾಟಕ ಇಲ್ಲದಿದ್ದರೆ ಮೆಟಲ್ ಯಾಕೆ ಬೇಕು ಅನ್ನುವ ಭಾವ.

ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ ಕಲಿಯುತ್ತಿದ್ದ ನಾಲ್ವರು ಚೆಲ್ಲೋ ವಾದಕರು ಅಪೊಕಲಿಪ್ಟಿಕಾ ಅಂತ ಹೆಸರಿಟ್ಟುಕೊಂಡು 1996ರಲ್ಲಿ ಒಂದು ಆಲ್ಬಂ ತಂದರು. ಅದರಲ್ಲಿರುವುದು ಪೂರ್ತಿ ಮೆಟಾಲಿಕಾ ಹಾಡುಗಳು, ನಾಲ್ಕು ಚೆಲ್ಲೋಗಳಲ್ಲಿ. ಡ್ರಮ್ ಇಲ್ಲ, ಗಾಯನ ಇಲ್ಲ. ಅಮೆರಿಕದ ಪೆಟ್ಟನ್ನು ತೆಗೆದು ಕಮಾನಿನಲ್ಲಿ ಎಳೆದಾಗ ಒಳಗೆ ಅಡಗಿದ್ದ ಧಾಟಿ ಮೇಲೆ ಬರುತ್ತದೆ. ಯುರೋಪಿನವರು ಮೆಟಾಲಿಕಾದಲ್ಲಿ ಏನು ಕೇಳುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಯಾಕೆ ಹೀಗೆ? ಒಂದು ಕಾರಣ ಕಲಿಯುವ ಜಾಗ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಸರ್ಕಾರ ಅಥವಾ ಊರಿನ ಆಡಳಿತದ ಹಣದಲ್ಲಿ ನಡೆಯುವ ಸಂಗೀತ ಶಾಲೆಗಳಿವೆ. ಮಕ್ಕಳು ಕಡಿಮೆ ಖರ್ಚಿನಲ್ಲಿ ಪಿಟೀಲು, ಪಿಯಾನೋ ಕಲಿಯುತ್ತಾರೆ, ಸ್ವರಲಿಪಿ ಓದುತ್ತಾರೆ, ಹದಿನಾಲ್ಕು ಹದಿನೈದಕ್ಕೆ ಗಿಟಾರ್ ಹಿಡಿದು ಬ್ಯಾಂಡ್ ಕಟ್ಟುತ್ತಾರೆ. ಅಮೆರಿಕದ ಬ್ಯಾಂಡ್ ಹುಡುಗರು ಹೆಚ್ಚಾಗಿ ಮನೆಯ ಗ್ಯಾರೇಜಿನಲ್ಲಿ, ರೆಕಾರ್ಡ್ ಕೇಳಿ ಕೇಳಿ, ಪಕ್ಕದ ಮನೆಯವರ ಬೈಗುಳ ತಿಂದು ಕಲಿತವರು. ಇನ್ನೊಂದು ಕಾರಣ ಮಾರುಕಟ್ಟೆ. ಎಂಟಿವಿ 1981ರಲ್ಲಿ ಶುರುವಾಯಿತು, ಎಂಬತ್ತರ ದಶಕದಲ್ಲಿ ಲಾಸ್ ಏಂಜಲಿಸ್‌ನ ಗ್ಲಾಮ್ ಬ್ಯಾಂಡ್‌ಗಳನ್ನು ಎತ್ತಿ ಮೆರೆಸಿತು, ನಿರ್ವಾಣಾ ಬಂದ ಮೇಲೆ ಅದೇ ಬ್ಯಾಂಡ್‌ಗಳನ್ನು ಕೈಬಿಟ್ಟಿತು. ಅಲ್ಲಿ ರೇಡಿಯೋ, ಟೀವಿ ಏನು ಹಾಕುತ್ತಿದ್ದವೋ ಅದೇ ನಡೆಯುತ್ತಿತ್ತು, ಹಾಗಾಗಿ ಹತ್ತು ವರ್ಷಕ್ಕೊಮ್ಮೆ ಅಮೆರಿಕದ ಮೆಟಲ್ ಹಳೆ ಚರ್ಮ ಕಳಚಲೇಬೇಕಿತ್ತು. ಹೊಸತು ಹುಟ್ಟುವುದು ಅಲ್ಲೇ ಜಾಸ್ತಿ, ಹಳತು ಸಾಯುವುದೂ ಅಲ್ಲೇ ಜಾಸ್ತಿ.

ಯುರೋಪಿನಲ್ಲಿ ಹಳತು ಸಾಯದೇ ಇರುವುದಕ್ಕೆ ಬೇಸಿಗೆ ಉತ್ಸವಗಳು ದೊಡ್ಡ ಕಾರಣ. ಜರ್ಮನಿಯ ಉತ್ತರ ತುದಿಯಲ್ಲಿ ವಾಕನ್ ಅಂತ ಒಂದು ಹಳ್ಳಿ. ಊರಿನಲ್ಲಿ ಇರುವುದು ಸುಮಾರು ಎರಡು ಸಾವಿರ ಜನ. 1990ರಲ್ಲಿ ಅಲ್ಲಿ ಆರು ಬ್ಯಾಂಡ್‌ಗಳ ಸಣ್ಣ ಮೆಟಲ್ ಕಾರ್ಯಕ್ರಮ ನಡೆಯಿತು, ಸುಮಾರು 800 ಜನ ಬಂದರು. ಈಗ ಪ್ರತಿ ವರ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಆ ಹೊಲಗಳಲ್ಲಿ ಟೆಂಟ್ ಹಾಕುತ್ತಾರೆ. ಮಳೆ ಬಂದರೆ ಮೊಣಕಾಲುವರೆಗೆ ಕೆಸರು. ಊರಿನ ಫೈರ್ ಸರ್ವಿಸ್ ಸ್ವಯಂಸೇವಕರ ಬ್ಯಾಂಡ್ ಸೆಟ್ ಕೂಡ ಅಲ್ಲಿ ಬಂದು ಊದುತ್ತದೆ, ಜನ ಅದಕ್ಕೂ ಕುಣಿಯುತ್ತಾರೆ. 2017ರಲ್ಲಿ ಬಿಯರ್ ಸಾಗಿಸಲು ನೆಲದಡಿ ಪೈಪ್‌ಲೈನ್ ಹಾಕಿದರು ಅಂದ್ರೆ ನೀವೇ ಲೆಕ್ಕ ಹಾಕಿ. ಫ್ರಾನ್ಸಿನಲ್ಲಿ ಹೆಲ್‌ಫೆಸ್ಟ್, ಬೆಲ್ಜಿಯಂನಲ್ಲಿ ಗ್ರಾಸ್‌ಪಾಪ್, ಹೀಗೆ ಬೇಸಿಗೆ ಪೂರ್ತಿ ಇದೇ ನಡೆಯುತ್ತದೆ. ತಾತನ ವಯಸ್ಸಿನ ಬ್ಯಾಂಡಿಗೂ ಅಲ್ಲಿ ವರ್ಷಕ್ಕೆ ಇಷ್ಟು ಅಂತ ಕೆಲಸ ಇರುತ್ತದೆ. ಮ್ಯಾನೋವರ್ ನ್ಯೂಯಾರ್ಕ್ ರಾಜ್ಯದ ಬ್ಯಾಂಡು, ಸಾವಟಾಜ್ ಫ್ಲಾರಿಡಾದ್ದು. ಎರಡನ್ನೂ ತವರಿಗಿಂತ ಜರ್ಮನಿಯೇ ಹೆಚ್ಚು ಪ್ರೀತಿಯಿಂದ ನೋಡಿಕೊಂಡಿತು.

ಸಾಹಿತ್ಯದ ವಿಷಯ ಬೇಗ ಮುಗಿಸುತ್ತೇನೆ. ಯುರೋಪಿನ ಬ್ಯಾಂಡ್‌ಗಳು ಇತಿಹಾಸ, ಪುರಾಣ, ಹಳೆ ಕಾವ್ಯಗಳ ಕಡೆ ಬೇಗ ಹೊರಳುತ್ತವೆ. ಫಿನ್ಲೆಂಡಿನ ಅಮಾರ್ಫಿಸ್ 1994ರಲ್ಲಿ ತಮ್ಮ ನಾಡಿನ ಮಹಾಕಾವ್ಯ 'ಕಲೇವಲ' ಇಟ್ಟುಕೊಂಡು ಇಡೀ ಆಲ್ಬಂ ಮಾಡಿತು, ಸ್ವೀಡನ್ನಿನ ಸಬಾಟನ್ ಯುದ್ಧಗಳ ಮೇಲೆ ಆಲ್ಬಂ ನಂತರ ಆಲ್ಬಂ ತರುತ್ತಿದೆ. ಅಮೆರಿಕದವರು ಇವತ್ತಿನ ಸಿಟ್ಟು ಬರೆಯುತ್ತಾರೆ. ಸರ್ಕಾರ, ನ್ಯಾಯಾಲಯ, ಡ್ರಗ್ಸ್, ಮನೆಯೊಳಗಿನ ದೌರ್ಜನ್ಯ, 'ನಾನು'. ಸೌತ್ ಕ್ಯಾರೊಲಿನಾದ ನೈಲ್ ಬ್ಯಾಂಡು ಹಳೆಯ ಈಜಿಪ್ಟ್ ಬಿಟ್ಟು ಬೇರೇನೂ ಹಾಡುವುದಿಲ್ಲ ಅನ್ನುವಂತಿದೆ, ಅದನ್ನು ಅಪವಾದದ ಪಟ್ಟಿಗೆ ಹಾಕಿಕೊಳ್ಳಿ.

ಗಂಟಲಾಳದಿಂದ ಗುರುಗುಟ್ಟುವ ದನಿಯ ಡೆತ್ ಮೆಟಲ್ ಮಾತ್ರ ಬಿಡುವಂತಿಲ್ಲ, ಯಾಕಂದ್ರೆ ಒಂದೇ ಸಂಗೀತ ಎರಡು ಊರಿನಲ್ಲಿ ಹೇಗೆ ಬೇರೆಯಾಯಿತು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಫ್ಲಾರಿಡಾದ ಟ್ಯಾಂಪಾದಲ್ಲಿ ಮಾರಿಸೌಂಡ್ ಅನ್ನುವ ಸ್ಟುಡಿಯೋ, ಅಲ್ಲಿ ಸ್ಕಾಟ್ ಬರ್ನ್ಸ್ ಅನ್ನುವ ಎಂಜಿನಿಯರ್. ಡೆತ್, ಒಬಿಚುವರಿ, ಡೀಸೈಡ್, ಕ್ಯಾನಿಬಲ್ ಕಾರ್ಪ್ಸ್ ಎಲ್ಲರೂ ಅಲ್ಲಿ ರೆಕಾರ್ಡ್ ಮಾಡಿದವರೇ. ಆ ಸದ್ದು ಬಿಗಿ, ಸ್ಪಷ್ಟ. ಬಾಸ್ ಡ್ರಮ್ಮಿನ ಪ್ರತಿ ಪೆಟ್ಟೂ 'ಟಿಕ್ ಟಿಕ್' ಅಂತ ಎಣಿಸುವಂತೆ ಕೇಳುತ್ತದೆ. ಅದೇ ಹೊತ್ತಿಗೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸನ್‌ಲೈಟ್ ಸ್ಟುಡಿಯೋ, ಅಲ್ಲಿ ಟೋಮಸ್ ಸ್ಕೋಗ್ಸ್‌ಬರ್ಗ್. ಹದಿಹರೆಯದ ಹುಡುಗರು ಬಾಸ್ ಕಂಪನಿಯ ಎಚ್‌ಎಂ-2 ಅನ್ನುವ ಡಿಸ್ಟಾರ್ಷನ್ ಪೆಡಲ್ ಹಿಡಿದು ಬಂದರು. ಜಪಾನಿನ ಮಾಲು, ಎಂಬತ್ತರ ದಶಕದ ಹಾರ್ಡ್ ರಾಕ್ ಸದ್ದು ಬರಲಿ ಅಂತ ಮಾಡಿದ್ದು. ಅದರಲ್ಲಿ ನಾಲ್ಕು ತಿರುಪು. ಹುಡುಗರು ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿಬಿಟ್ಟರು. ಮರ ಕೊಯ್ಯುವ ಮೆಷಿನ್ನಿನ ಸದ್ದು ಬಂತು. 1990ರ ಎಂಟೂಮ್ಡ್ ಬ್ಯಾಂಡಿನ 'ಲೆಫ್ಟ್ ಹ್ಯಾಂಡ್ ಪಾತ್' ಹಾಕಿದ ಐದು ಸೆಕೆಂಡಿಗೇ ಇದು ಗೊತ್ತಾಗುತ್ತದೆ. ಟ್ಯಾಂಪಾದ ಡೆತ್ ಮೆಟಲ್‌ನಲ್ಲಿ ಕೈಚಳಕ ಮುಂದೆ, ಸ್ಟಾಕ್‌ಹೋಮ್‌ನದರಲ್ಲಿ ಸದ್ದಿನ ಮೈಬಣ್ಣ ಮುಂದೆ. ಆ ಗರಗಸದ ಒಳಗೂ ಕಿವಿಗೊಟ್ಟರೆ ಒಂದು ಶೋಕದ ಧಾಟಿ ಸಿಗುತ್ತದೆ, ಅದನ್ನು ಬಿಡಲು ಅವರಿಂದಾಗಲಿಲ್ಲ.

ನಾರ್ವೆಯ ಬ್ಲ್ಯಾಕ್ ಮೆಟಲ್ ಅಂದ ಕೂಡಲೆ ಎಲ್ಲರೂ 1992ರಿಂದ ಸುಟ್ಟ ಚರ್ಚ್‌ಗಳು, 1993ರ ಕೊಲೆ ಇವುಗಳ ಬಗ್ಗೆಯೇ ಮಾತಾಡುತ್ತಾರೆ. ಅವು ಅಪರಾಧಗಳು, ಅದರಲ್ಲಿ ಹೀರೋಗಿರಿ ಏನೂ ಇಲ್ಲ. ಸಂಗೀತದ ಮಟ್ಟಿಗೆ ಹೇಳಬೇಕಾದ್ದು ಇಷ್ಟು: ಪಾಮ್ ಮ್ಯೂಟ್ ಹೆಚ್ಚುಕಡಿಮೆ ಬಿಟ್ಟು, ಪಿಕ್ಕನ್ನು ಎಡೆಬಿಡದೆ ಮೇಲೆ ಕೆಳಗೆ ಅಲುಗಿಸಿ, ಸ್ವರಗಳನ್ನು ಒಂದಕ್ಕೊಂದು ಹೆಣೆದು ಮಂಜಿನಂತೆ ಹರಡಿದರು. ಅಮೆರಿಕದ ಚಗ್ ಚಗ್‌ಗೆ ಪೂರ್ತಿ ಉಲ್ಟಾ. ಕತ್ತು ಅಲ್ಲಾಡಿಸಲು ಅಲ್ಲಿ ಜಾಗವೇ ಇಲ್ಲ.

ಸ್ವೀಡನ್ನಿನ ಇನ್ನೊಂದು ಊರು ಗೋಥೆನ್‌ಬರ್ಗ್. ಅಲ್ಲಿನ ಅಟ್ ದ ಗೇಟ್ಸ್, ಇನ್ ಫ್ಲೇಮ್ಸ್, ಡಾರ್ಕ್ ಟ್ರಾಂಕ್ವಿಲಿಟಿ 1995-96ರ ಸುಮಾರಿಗೆ ಡೆತ್ ಮೆಟಲ್‌ನ ಗುರುಗುಟ್ಟುವ ದನಿಯ ಕೆಳಗೆ ಮೇಡನ್ ಬಗೆಯ ಜೋಡಿ ಗಿಟಾರ್ ತಂದು ಕೂರಿಸಿದವು. ಇದನ್ನು ಕೇಳಿ ಬೆಳೆದವರು ಅಮೆರಿಕದ ಮ್ಯಾಸಚೂಸೆಟ್ಸ್ ಕಡೆಯ ಹಾರ್ಡ್‌ಕೋರ್ ಹುಡುಗರು. ಅವರು ಆ ಧಾಟಿಗಳನ್ನು ಹಾಗೇ ಎತ್ತಿಕೊಂಡು, ನಡುವೆ ಹಾರ್ಡ್‌ಕೋರ್‌ನ ಬ್ರೇಕ್‌ಡೌನ್ ಸೇರಿಸಿದರು. ಬ್ರೇಕ್‌ಡೌನ್ ಅಂದ್ರೆ ವೇಗವನ್ನು ದಿಢೀರನೆ ಅರ್ಧಕ್ಕಿಳಿಸಿ, ಕೆಳಗಿನ ತಂತಿಯಲ್ಲಿ ಬಿಟ್ಟು ಬಿಟ್ಟು ಪೆಟ್ಟು ಹಾಕುವುದು, ಮಾಶ್ ಪಿಟ್‌ನಲ್ಲಿ (ಸ್ಟೇಜ್ ಮುಂದೆ ಜನ ಡಿಕ್ಕಿ ಹೊಡೆದುಕೊಂಡು ಕುಣಿಯುವ ಜಾಗ) ಜನ ಕೈಕಾಲು ಬೀಸುವುದು ಅದಕ್ಕೇ. ಪಲ್ಲವಿಯಲ್ಲಿ ನೀಟಾಗಿ ಹಾಡಿದರು. ಮೆಟಲ್‌ಕೋರ್ ರೆಡಿ. ಕಿಲ್‌ಸ್ವಿಚ್ ಎಂಗೇಜ್‌ನ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಬಂದಿದ್ದು 2002ರಲ್ಲಿ. ಅದೇ ವರ್ಷ ಗೋಥೆನ್‌ಬರ್ಗ್‌ನ ಇನ್ ಫ್ಲೇಮ್ಸ್ ತಮ್ಮ ಜೋಡಿ ಗಿಟಾರ್ ಕಡಿಮೆ ಮಾಡಿ ಅಮೆರಿಕದ ಬಗೆಯ ಪಲ್ಲವಿಗಳತ್ತ ಹೊರಟಿತು. ಹಳೆ ಅಭಿಮಾನಿಗಳು ಇವತ್ತಿಗೂ ಕ್ಷಮಿಸಿಲ್ಲ.

ಅಪವಾದ ಅಂದೆನಲ್ಲ, ಅವುಗಳಲ್ಲಿ ದೊಡ್ಡದು ಮೆಶುಗ್ಗಾ. ಸ್ವೀಡನ್ನಿನ ಉಮಿಯೋ ಊರಿನ ಬ್ಯಾಂಡು, ಆದರೆ ಧಾಟಿಯ ಗೊಡವೆಯೇ ಇಲ್ಲ, ಎಂಟು ತಂತಿಯ ಗಿಟಾರ್‌ನಲ್ಲಿ ಬರೀ ಲೆಕ್ಕಾಚಾರ. ಡ್ರಮ್ಮರ್‌ನ ಒಂದು ಕೈ ನಾಲ್ಕರ ತಾಳ ಹಿಡಿದಿರುತ್ತದೆ, ಕಾಲು ಮತ್ತು ಗಿಟಾರ್ ಬೇರೆಯೇ ಉದ್ದದ ಸುತ್ತು ಹಾಕುತ್ತಿರುತ್ತವೆ, ಎಷ್ಟೋ ಹೊತ್ತಿನ ನಂತರ ಎರಡೂ ಒಟ್ಟಿಗೆ ಬಂದು ಸೇರುತ್ತವೆ. ತನಿ ಆವರ್ತನದಲ್ಲಿ ಮೃದಂಗದವರು ತಾಳ ತಪ್ಪಿಸಿದಂತೆ ಮಾಡಿ ಕೊನೆಗೆ ಸಮಕ್ಕೆ ಬಂದು ಇಳಿದಾಗ ಸಭೆ ತಲೆದೂಗುತ್ತದಲ್ಲ, ಅದೇ ಖುಷಿ. ಇದನ್ನು ಕೇಳಿ ಅಮೆರಿಕದಲ್ಲಿ ಜೆಂಟ್ ಅನ್ನುವ ಹೊಸ ಗುಂಪೇ ಬೆಳೆಯಿತು. ಫ್ರಾನ್ಸಿನ ಗೊಜಿರಾ ಕೂಡ ಪೆಟ್ಟಿನ ಪಕ್ಷದ್ದೇ. ಆ ಕಡೆ ನ್ಯೂಜರ್ಸಿಯ ಸಿಂಫನಿ ಎಕ್ಸ್ ಕಣ್ಣು ಮುಚ್ಚಿ ಕೇಳಿದರೆ ಯುರೋಪಿನದೇ ಅನ್ನಿಸುತ್ತದೆ.

ನಮ್ಮ ಬೆಂಗಳೂರಿನಲ್ಲಿ ಎರಡೂ ಪಕ್ಷದವರಿದ್ದಾರೆ. 1998ರಿಂದ ನುಡಿಸುತ್ತಿರುವ ಕ್ರಿಪ್ಟೋಸ್ ಮಾತ್ರ ಪಕ್ಕಾ ಯುರೋಪ್ ಕಡೆ ವಾಲಿದ ಬ್ಯಾಂಡು. ಎಂಬತ್ತರ ದಶಕದ ಇಂಗ್ಲೆಂಡಿನ ಜೋಡಿ ಗಿಟಾರ್ ಅವರ ಕೈಯಲ್ಲಿ ಸಲೀಸಾಗಿ ಬರುತ್ತದೆ, ಆಲ್ಬಂಗಳನ್ನು ಜರ್ಮನಿಯ ಲೇಬಲ್ ಹೊರತಂದಿದೆ, ವಾಕನ್‌ನಲ್ಲೂ ನುಡಿಸಿ ಬಂದಿದ್ದಾರೆ.

ಕಿವಿಗೆ ಇದೆಲ್ಲ ಅಭ್ಯಾಸ ಆಗಬೇಕು ಅಂದ್ರೆ ನಾನು ಹೇಳುವುದು ಎರಡೇ ಆಲ್ಬಂ. ಮೊದಲು ಅಟ್ ದ ಗೇಟ್ಸ್‌ನ 1995ರ 'ಸ್ಲಾಟರ್ ಆಫ್ ದ ಸೋಲ್', ಅದು ಮುಗಿದ ಕೂಡಲೆ ಕಿಲ್‌ಸ್ವಿಚ್‌ನ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್'. ಕಿರುಚಾಟ ಅಭ್ಯಾಸ ಇಲ್ಲದಿದ್ದರೆ ಮೊದಲ ಸಲ ದನಿಯನ್ನು ಸುಮ್ನೆ ಬದಿಗಿಟ್ಟು, ಬರೀ ಗಿಟಾರ್ ಹಿಡಿದು ಹೋಗಿ. ಎರಡರಲ್ಲೂ ರಿಫ್ ಹೆಚ್ಚುಕಡಿಮೆ ಒಂದೇ ಮನೆತನದ್ದು. ಎರಡನೆಯದರಲ್ಲಿ ವೇಗ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದು ಎದೆಗೆ ಗುದ್ದಿದ ಹಾಗಾಗುವ ಕಡೆಗಳಲ್ಲಿ ನಿಲ್ಲಿಸಿ, ಮೊದಲನೆಯದಕ್ಕೆ ವಾಪಸ್ ಹೋಗಿ ಅಂಥ ಜಾಗ ಹುಡುಕಿ ನೋಡಿ.